ಮನೆಗಾಡಿ ಕೊಂಡದ್ದು

ನನಗೆ ಮಾತು ಕಡಿಮೆ, ಅನುಮಾನ ಜಾಸ್ತಿ. ಇಂಥವನನ್ನು ಅವನ ಪಾಡಿಗೆ ಬಿಡಬೇಕು. ಜನ ಬಿಡುವುದಿಲ್ಲ. ಹಾಗಾಗಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ.

ಈ ಸಲದ್ದು ಹೀಗೆ. ಡೊಂಬಿವಲಿಯ ನಮ್ಮ ಹಳೆ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಯಿತು. ಕೆಡವಿ ಹೊಸದು ಕಟ್ಟುವ ತನಕ ಎಲ್ಲರೂ ಹೊರಗಿರಬೇಕು. ಬಾಡಿಗೆ ಮನೆ ನೋಡುವ ಎಂದೆ. ಹೆಂಡತಿ ಫೋನಿನಲ್ಲಿ ಒಂದು ವ್ಯಾನ್ ತೋರಿಸಿದಳು. ಒಳಗೆ ಮಂಚ, ಒಲೆ, ಕಕ್ಕಸು ಎಲ್ಲ ಇತ್ತು.

"ನೀವು ಹೋಟೆಲ್ ನಡೆಸಿದಷ್ಟು ವರ್ಷ ನಾನು ಎಲ್ಲಿಗೂ ಹೋಗಲಿಲ್ಲ. ಹೊಸ ಮನೆ ಆಗುವವರೆಗೆ ಇದರಲ್ಲೇ ಇರುವ. ಊರೂರು ತಿರುಗುವ" ಎಂದಳು.

ಗಾಡಿ ನೋಡಲು ಹೊರಟೆವು.

ಡಬ್ಬಿ

ಮೊದಲು ಭಿವಂಡಿ. ಗೋಡೌನುಗಳ ನಡುವೆ ಒಂದು ಶೆಡ್ಡು. ಅಲ್ಲಿ ಖಾಲಿ ವ್ಯಾನನ್ನು ಮನೆ ಮಾಡಿ ಮಾರುತ್ತಾರೆ. ಮಾರುವವನು ನಗುತ್ತಲೇ ಇದ್ದ. ಕಾರಣವಿಲ್ಲದೆ ನಗುವವನನ್ನು ನಾನು ಹೋಟೆಲಿನ ಗಲ್ಲಾಪೆಟ್ಟಿಗೆಯ ಹತ್ತಿರ ಬಿಟ್ಟವನಲ್ಲ.

ನಾಲ್ಕು ಜನ ಮಲಗಬಹುದು ಎಂದ. ನಾನು ಮಲಗಿ ನೋಡಿದೆ. ಕಾಲು ಹೊರಗೆ ಬಂತು. ಹೊರದೇಶದಲ್ಲಿ ಎಲ್ಲರೂ ಮಡಚಿಕೊಂಡೇ ಮಲಗುತ್ತಾರೆ ಎಂದ. ಟಿವಿ ತೋರಿಸಿದ. ಬಣ್ಣದ ದೀಪ ತೋರಿಸಿದ. ಕಕ್ಕಸಿನ ಬಾಗಿಲನ್ನು ಮಾತ್ರ ಬೇಗ ಮುಚ್ಚಿದ. ನಾನು ತೆರೆದೆ. ಕೆಳಗೊಂದು ಡಬ್ಬಿ ಇತ್ತು.

ತುಂಬಿದರೆ ಎಂಥ ಮಾಡುವುದು ಎಂದು ಕೇಳಿದೆ. ಬಹಳ ಸುಲಭ, ಎಳೆದು ತೆಗೆದು ಖಾಲಿ ಮಾಡಿದರಾಯಿತು ಎಂದ.

"ಯಾರು?"

ಅವನು ನನ್ನ ಹೆಂಡತಿಯನ್ನು ನೋಡಿದ. ಹೆಂಡತಿ ನನ್ನನ್ನು ನೋಡಿದಳು. ನಾನು ಟಿವಿ ನೋಡಿದೆ.

ಒಬ್ಬನೇ ಮಾಲೀಕ

ಘಣಸೋಲಿಯಲ್ಲಿ ಒಬ್ಬರು ತಮ್ಮ ಹಳೆಯ ಮನೆಗಾಡಿ ಮಾರುತ್ತಾರೆಂದು ಗೊತ್ತಾಯಿತು. ನಿವೃತ್ತ ಆಫೀಸರು, ನಮ್ಮ ಕುಂದಾಪುರದ ಕಡೆಯವರು. ಗಾಡಿ ಅವರ ಬಿಲ್ಡಿಂಗಿನ ಕೆಳಗೇ ನಿಂತಿತ್ತು.

ಒಮ್ಮೆ ಮಾತ್ರ ಓಡಿಸಿದ್ದು, ಗಂಡ ಹೆಂಡತಿ ಗೋವಾದವರೆಗೆ ಹೋಗಿ ಬಂದದ್ದು, ಆಮೇಲೆ ಮುಟ್ಟಿಯೇ ಇಲ್ಲ ಎಂದರು. ಹೆಂಡತಿಗೆ ಖುಷಿಯಾಯಿತು. ಒಳ್ಳೆಯದನ್ನು ಒಮ್ಮೆ ಓಡಿಸಿ ಯಾಕೆ ಮಾರುತ್ತಾರೆ ಎಂದು ನನಗೆ ಅನುಮಾನ ಬಂತು. ಒಳಗೆ ಹತ್ತಿದೆ. ಒಲೆಯ ಮೇಲಿನ ಚಹಾ ಪಾತ್ರೆ ಬಿಸಿ ಇತ್ತು. ಕನ್ನಡಿಯ ಹತ್ತಿರ ಗಡ್ಡದ ಬ್ರಶ್ಶು ಒದ್ದೆ ಇತ್ತು. ಕಿಟಕಿಗೆ ಲುಂಗಿ ಒಣಹಾಕಿತ್ತು.

ಮನೆಯವರು ಎಲ್ಲಿ ಎಂದು ಕೇಳಿದೆ.

"ಅವಳು ಮೇಲೆ, ಫ್ಲಾಟಿನಲ್ಲಿ" ಎಂದರು. ಕಿಟಕಿಯ ಲುಂಗಿಯನ್ನು ತೆಗೆದು ಮಡಚುತ್ತಾ, "ಗೋವಾದಿಂದ ಬಂದಮೇಲೆ ನಾನು ಇಲ್ಲಿ" ಎಂದರು.

ಹಾಗಾದರೆ ಇದನ್ನು ಮಾರಿದ ಮೇಲೆ ನೀವು ಎಲ್ಲಿ ಮಲಗುವುದು ಎಂದು ಕೇಳಿದೆ.

"ಅದಕ್ಕೇ ಮಾರಾಯ್ರೆ, ರೇಟು ಸ್ವಲ್ಪ ಜಾಸ್ತಿ ಹೇಳುವುದು. ಯಾರೂ ತೆಗೆದುಕೊಳ್ಳಬಾರದಲ್ಲ."

ಹಿಟ್ಟು

ಕೊಳ್ಳುವ ಮೊದಲು ಒಂದು ದಿನ ಇದ್ದು ನೋಡಬೇಕು ಎಂದು ಪಟ್ಟು ಹಿಡಿದೆ. ಠಾಣೆಯಿಂದ ಡ್ರೈವರ್ ಸಮೇತ ಒಂದು ಗಾಡಿ ಬಾಡಿಗೆಗೆ ತಂದೆವು. ಠಾಕುರ್ಲಿಯಿಂದ ಹೆಂಡತಿಯ ತಮ್ಮ ತನ್ನ ಹೆಂಡತಿಯ ಜೊತೆ ಬಂದು ಹತ್ತಿದ. ಕರೆದವರು ಯಾರು ಎಂದು ಇಂದಿಗೂ ಗೊತ್ತಿಲ್ಲ.

ಪನ್ವೇಲ್ ದಾಟಿ ಎಲ್ಲಿಯಾದರೂ ನೆರಳಲ್ಲಿ ನಿಲ್ಲಿಸಿ ಇಡ್ಲಿ ಬೇಯಿಸುವುದು ನನ್ನ ಹೆಂಡತಿಯ ಯೋಜನೆ. ರುಬ್ಬಿದ ಹಿಟ್ಟನ್ನು ಪಾತ್ರೆಗೆ ಹಾಕಿ ಕಪಾಟಿನಲ್ಲಿ ಇಟ್ಟಿದ್ದಳು. ಪಾತ್ರೆ ಸಣ್ಣದಾಯಿತು ಎಂದೆ. ಅಷ್ಟರಲ್ಲಿ ಎಲ್ಲಿ ಹುಳಿ ಬರುತ್ತದೆ, ಒಂದು ಗಂಟೆಯ ದಾರಿ ಎಂದಳು.

ಶೀಲ್ ಫಾಟಾ ಜಂಕ್ಷನ್ನಿನಲ್ಲಿ ಟ್ರಾಫಿಕ್ ಜಾಮ್. ಮೇ ತಿಂಗಳ ಬಿಸಿಲು. ಭಾವಮೈದ ಎರಡು ನಿದ್ದೆ ಮುಗಿಸಿದ. ಮಧ್ಯಾಹ್ನದ ಹೊತ್ತಿಗೆ ಕಪಾಟಿನ ಬಾಗಿಲು ತಾನಾಗಿ ತೆರೆಯಿತು. ಹಿಟ್ಟು ಮೆಲ್ಲಗೆ ಇಳಿದು ಡ್ರೈವರ್ ಸೀಟಿನ ಕಡೆಗೆ ಹೊರಟಿತು.

"ಭಾವ, ನಾವು ಎಷ್ಟು ಮುಂದೆ ಬಂದೆವು?" ಎಂದು ಭಾವಮೈದ ಕಣ್ಣುಜ್ಜಿಕೊಂಡು ಕೇಳಿದ.

"ನಾವು ಬಂದಿಲ್ಲ. ಹಿಟ್ಟು ಬಂದಿದೆ" ಎಂದೆ.

ಪೂರ್ವ ದಿಕ್ಕು

ಕೊನೆಗೆ ಹೆಂಡತಿಯೇ ಆರಿಸಿದಳು. ಮಂಚ ನೋಡಲಿಲ್ಲ, ಟಿವಿ ನೋಡಲಿಲ್ಲ. ಒಲೆಯ ಮುಂದೆ ನೆಟ್ಟಗೆ ನಿಂತು ಸೌಟು ತಿರುಗಿಸಿ ನೋಡಿದಳು. ಮೊಣಕೈ ತಾಗಲಿಲ್ಲ. ಇದೇ ಆಗಬಹುದು ಎಂದಳು. ನಾನು ಟೈರು, ಬ್ಯಾಟರಿ, ನೀರಿನ ಟಾಂಕಿ ಎಲ್ಲ ತಟ್ಟಿ ನೋಡಿದೆ. ತಪ್ಪು ಸಿಗಲಿಲ್ಲ. ಅದೇ ಒಂದು ಅನುಮಾನ.

ಗಾಡಿ ಬಂತು. ಕಲ್ಯಾಣದಿಂದ ಭಟ್ಟರನ್ನು ಕರೆಸಿದೆವು. ಅವರು ಗಾಡಿ ಪೂಜೆಗೆಂದು ಲಿಂಬೆಹಣ್ಣು ತಂದಿದ್ದರು. ಹೆಂಡತಿ ಒಪ್ಪಲಿಲ್ಲ. ಇರುವುದು ಇದರಲ್ಲೇ ಆದ್ದರಿಂದ ಗೃಹಪ್ರವೇಶವೇ ಆಗಬೇಕು, ಹಾಲು ಉಕ್ಕಬೇಕು ಎಂದಳು. ಭಟ್ಟರು ಒಳಗೆ ಹೊರಗೆ ನೋಡಿ, ಹಾಗಾದರೆ ಬಾಗಿಲು ಪೂರ್ವಕ್ಕೆ ಬೇಕು ಎಂದರು. ಬಾಗಿಲು ಪಶ್ಚಿಮಕ್ಕೆ, ಕಸದ ಡಬ್ಬಕ್ಕೆ ಎದುರಾಗಿ ಇತ್ತು. ನಮ್ಮ ಕಂಪೌಂಡಿನಲ್ಲಿ ಗಾಡಿ ತಿರುಗುವುದಿಲ್ಲ.

ಮುಹೂರ್ತ ಮೀರುತ್ತಿತ್ತು. ಭಟ್ಟರನ್ನೂ ಹಾಲನ್ನೂ ಹತ್ತಿಸಿಕೊಂಡು ಪೂರ್ವ ಹುಡುಕಲು ಹೊರಟೆವು. ಡೊಂಬಿವಲಿಯಲ್ಲಿ ಪೂರ್ವಕ್ಕೆ ಬರವಿಲ್ಲ. ಜಾಗಕ್ಕೆ ಬರ. ಒಂದು ಕಡೆ ರಿಕ್ಷಾದವರು ಓಡಿಸಿದರು. ಇನ್ನೊಂದು ಕಡೆ ತರಕಾರಿಯವರು. ಕಡೆಗೆ ಗೇಟು ತೆರೆದಿದ್ದ ಒಂದು ಬಿಲ್ಡಿಂಗಿನ ಒಳಗೆ ನುಗ್ಗಿದೆವು. ಬಾಗಿಲು ನೇರ ಪೂರ್ವಕ್ಕೆ. ಭಟ್ಟರು ಮಂತ್ರ ಶುರುಮಾಡಿದರು. ಹಾಲು ಒಲೆಗೆ ಏರಿತು.

ಯಾರೋ ಗಾಡಿಗೆ ಬಡಿದರು. ಅಲ್ಲಿನ ಸೊಸೈಟಿಯ ಸೆಕ್ರೆಟರಿ. ಹೊರಗಿನವರ ಗಾಡಿ ಇಲ್ಲಿ ನಿಲ್ಲಿಸುವಂತಿಲ್ಲ, ಈಗಲೇ ತೆಗೆಯಿರಿ ಎಂದು ಮರಾಠಿಯಲ್ಲಿ ರೇಗಿದರು. ಒಲೆಗೆ ಇಟ್ಟ ಹಾಲನ್ನು ಉಕ್ಕುವ ಮೊದಲು ಇಳಿಸುವಂತಿಲ್ಲ ಎಂದು ಭಟ್ಟರು ಕನ್ನಡದಲ್ಲಿ ರೇಗಿದರು. ಹೆಂಡತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಹಾಗಾದರೆ ಇಲ್ಲಿ ಯಾರಿಗೆ ನಿಲ್ಲಿಸಲು ಬಿಡುತ್ತೀರಿ ಎಂದು ಕೇಳಿದಳು. ಇಲ್ಲಿ ಇರುವವರಿಗೆ, ಬಾಡಿಗೆಯವರಾದರೂ ಆದೀತು ಎಂದರು ಅವರು. ಮನೆ ಖಾಲಿ ಉಂಟಾ ಎಂದಳು. ಸೆಕ್ರೆಟರಿಯ ದನಿ ಇಳಿಯಿತು. ಎರಡನೆಯ ಮಹಡಿಯಲ್ಲಿ ಅವರದೇ ಒಂದು ಫ್ಲಾಟು ಬಹಳ ದಿನದಿಂದ ಖಾಲಿ ಬಿದ್ದಿತ್ತಂತೆ.

ಹಾಲು ಉಕ್ಕುವಷ್ಟರಲ್ಲಿ ಬಾಡಿಗೆಯ ಮಾತು ಮುಗಿದಿತ್ತು.

ಈಗ ನಾವು ಆ ಎರಡನೆಯ ಮಹಡಿಯಲ್ಲಿದ್ದೇವೆ. ಗಾಡಿ ಕೆಳಗೆ ಪೂರ್ವಕ್ಕೆ ಬಾಗಿಲು ಮಾಡಿ ನಿಂತಿದೆ. ಹೆಂಡತಿ ದಿನಾ ಇಳಿದು ಹೋಗಿ ಅದರ ಕಸ ಗುಡಿಸಿ ಬರುತ್ತಾಳೆ. ಮೊನ್ನೆ ನಾನೇ ಬಾಯಿಬಿಟ್ಟು, ತಿರುಗಾಟಕ್ಕೆ ಯಾವಾಗ ಹೊರಡುವುದು ಎಂದು ಕೇಳಿದೆ. ಅವಳು ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿ, ದನಿ ತಗ್ಗಿಸಿ ಹೇಳಿದಳು:

"ನಿಮಗೆ ಅಷ್ಟೂ ಗೊತ್ತಾಗುವುದಿಲ್ಲವಾ? ನಾವು ಹೊರಟರೆ ಆ ಜಾಗದಲ್ಲಿ ಬೇರೆಯವರು ತಂದು ನಿಲ್ಲಿಸುತ್ತಾರೆ."