ಹಡಗಿನಲ್ಲಿ ಸಿಕ್ಕಿದ ಹಸಿರು ಎಳೆ

ಬೆಳಗ್ಗೆ ಮಿಂದು ವಿಭೂತಿ ಇಟ್ಟುಕೊಂಡ ಮೇಲೆ, ಬಾಯಿಗೆ ಒಂದು ಗುಟುಕು ನೀರು ಬೀಳುವ ಮೊದಲು, ಚೌಡೇಶ್ವರಿಯ ಪಟದ ಮುಂದೆ ಕೂತು ಹಿಂದಿನ ದಿನ ನಡೆದದ್ದನ್ನೆಲ್ಲ ಒಪ್ಪಿಸುವುದು ನನ್ನ ಅಭ್ಯಾಸ. ಜ್ವರ ಬಂದರೂ ಬಿಟ್ಟಿಲ್ಲ, ಮನೆಯಲ್ಲಿ ಮದುವೆಯಿದ್ದರೂ ಬಿಟ್ಟಿಲ್ಲ. ಯಾರು ಬಂದರು, ಏನಂದರು, ಅದರಲ್ಲಿ ನಿಜವೆಷ್ಟು, ಹೊಟ್ಟು ಎಷ್ಟು, ಎಲ್ಲ ಹೇಳುತ್ತೇನೆ. ದೇವಿಗೆ ಇದೆಲ್ಲ ಮೊದಲೇ ಗೊತ್ತಿರುತ್ತದೆ. ಆದರೂ ನಡುವೆ ಬಾಯಿ ಹಾಕದೆ ಕೇಳುತ್ತಾಳೆ. ಕೇಳುವುದನ್ನು ನಾನು ಅವಳಿಂದಲೇ ಕಲಿತೆ. ಹಾಗೆ ಕಲಿತ ವಿದ್ಯೆ ಎಷ್ಟು ಘನವಾದದ್ದೆಂದರೆ, ಕೊಯಮತ್ತೂರಿನ ಹತ್ತಿರದ ನಮ್ಮ ಸಿರುಮುಗೈಯಲ್ಲಿ ಯಾರೇ ಆಗಲಿ ನನ್ನೆದುರು ಹತ್ತು ನಿಮಿಷ ಮಾತಾಡಿದರೆ ಸಾಕು, ಮಾತಿನೊಳಗಿನ ಸುಳ್ಳು ನೂಲಿನೊಳಗಿನ ಗಂಟಿನಂತೆ ನನ್ನ ಬೆರಳಿಗೆ ತಗಲಿಬಿಡುತ್ತದೆ!

ಇಂಥ ನನ್ನನ್ನು ಹಡಗು ಹತ್ತಿಸುವ ಯೋಚನೆ ನಮ್ಮವರದು. ಹೆಸರು ಮಯಿಲ್‌ಸಾಮಿ. ಬಾಯಲ್ಲಿ ಹೇಳುವಂತಿಲ್ಲ, ಬರೆದರೆ ದೋಷವಿಲ್ಲ ಎಂದುಕೊಂಡಿದ್ದೇನೆ. ಮೂವತ್ತೈದು ವರ್ಷ ಕುಳಿಮಗ್ಗದ ಕುಳಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯ್ದವರು. ನೀಲಗಿರಿಯ ಪೈಕಾರದಿಂದ ಕರೆಂಟು ಕೊಯಮತ್ತೂರಿಗೆ ಬಂದ ಮರುವರ್ಷ, ಹತ್ತಿರದ ಎಳೆ ಕಣ್ಣಿಗೆ ಕಾಣದಾಗಿ, ಮಗ್ಗವನ್ನು ಮಗ ಗುರುಸಾಮಿಗೆ ಬಿಟ್ಟುಕೊಟ್ಟರು. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಿಕೊಡುವುದು ನಮ್ಮಲ್ಲಿ ಹೆಂಗಸರ ಕೆಲಸ. ಮದುವೆಯಾದಂದಿನಿಂದ ಅವರ ಕಂಡಿಕೆಗಳನ್ನೆಲ್ಲ ಸುತ್ತಿದವಳು ನಾನು. ಅವರು ಮಗ್ಗ ಬಿಟ್ಟ ದಿನವೇ ನನಗೂ ವಿಶ್ರಾಂತಿ ಸಿಕ್ಕಿತು.

"ನಾಯಕಿ, ಇಷ್ಟು ಕಾಲ ಅಂಚು, ಅಂಚು ಅಂತ ಅಂಚನ್ನೇ ನೋಡ್ಕೊಂಡು ಕೂತೆ. ಒಂದ್ ಸಲ ಅಂಚೇ ಇಲ್ಲದ್ದು ಏನಾದ್ರೂ ನೋಡ್ಬೇಕು. ಕಡಲು ನೋಡಾಣ" ಎಂದರು.

"ದಡದಲ್ಲಿ ನಿಂತು ನೋಡಿದ್ರೆ ಪೋದಾದಾ, ಸಾಲದಾ?"

"ದಡ ಅಂದ್ರೆ ಅದೂ ಒಂದು ಅಂಚೇ ಅಲ್ವಾ!"

ಹಾಗೆ ನಿಶ್ಚಯವಾಯಿತು. ದೀಪಾವಳಿ ಬರುವ ಐಪ್ಪಸಿ ತಿಂಗಳಲ್ಲಿ ಕೊಚ್ಚಿಯವರೆಗೆ ರೈಲು, ಅಲ್ಲಿಂದ ಕರಾವಳಿ ಹಿಡಿದು ಮಂಗಳೂರಿನವರೆಗೆ ಹಡಗು, ಹಿಂದಕ್ಕೆ ಮತ್ತೆ ರೈಲು. ಹೊರಡುವಾಗ ಗುರುಸಾಮಿ ಎಚ್ಚರಿಸಿದ: "ಅಮ್ಮಾ, ಕಪ್ಪಲಲ್ಲಿ ಏಮಾತ್ತು ಜಾಸ್ತಿ. ಯಾರನ್ನೂ ನಂಬ್ಬೇಡ."

"ನನ್ನನ್ನು ಏಮಾರಿಸೋನು ಇನ್ನೂ ಹುಟ್ಟಿಲ್ಲೆ ಕಣಪ್ಪಾ!" ಎಂದು ಸೆರಗು ಕೊಡವಿಕೊಂಡು ಬಸ್ಸು ಹತ್ತಿದೆ.

ಆ ಸೆರಗಿನ ವಿಷಯ ಹೇಳಲೇಬೇಕು. ನಾನು ಸೊಸೆಯಾಗಿ ಬಂದ ವರ್ಷ ನಮ್ಮವರು ನನಗೆಂದು ಕುಂಕುಮ ಬಣ್ಣದ ಸೀರೆ ನೇಯ್ದರು. ಸೆರಗಿನ ತುದಿಯಿಂದ ನಾಲ್ಕು ಬೆರಳು ಒಳಗೆ ಅಡ್ಡಕ್ಕೆ ಒಂದೇ ಒಂದು ಗಿಳಿಹಸಿರಿನ ಎಳೆ. "ಇದೇನು?" ಎಂದರೆ, "ಇದು ನಿನಗೆ ಮಾತ್ರ ಹಾಕಿದ ಗುರುತು. ಲೋಕದಲ್ಲಿ ಇನ್ನೊಬ್ಬಳ ಸೀರೇಲಿ ಇರಾಂಗಿಲ್ಲೆ" ಎಂದಿದ್ದರು. ಆ ಒಂದು ಎಳೆಯ ಮೇಲೆ ನಾನು ಮೂವತ್ತು ವರ್ಷ ಸಂಸಾರ ಕಟ್ಟಿದ್ದೇನೆ ಎಂದರೆ ಉತ್ಪ್ರೇಕ್ಷೆಯಲ್ಲ. ಅತ್ತೆ ಬೈದ ದಿನ ಪೆಟ್ಟಿಗೆ ತೆರೆದು ಆ ಎಳೆಯನ್ನು ಒಮ್ಮೆ ಸವರಿದರೆ ಸಮಾಧಾನ. ಹಬ್ಬಕ್ಕಷ್ಟೇ ಉಡುವ ಆ ಸೀರೆಯನ್ನು ಈಗ ಸಮುದ್ರರಾಜನ ಗೌರವಾರ್ಥ ಉಟ್ಟು ಹೊರಟಿದ್ದೆ.

ಸಂಜೆ ಹಡಗು ಹತ್ತಿದೆವು. ಮೇಲಟ್ಟದ ಬಯಲಿನಲ್ಲಿ ಜಮಖಾನ ಹಾಸಿ ನೂರಾರು ಜನ. ಮರುದಿನ ಬೆಳಗ್ಗೆ ದೇವಿಯ ಪಟವನ್ನು ಟ್ರಂಕಿಗೆ ಒರಗಿಸಿ ನನ್ನ ವರದಿ ಮುಗಿಸಿ ಕಣ್ಣು ತೆರೆದರೆ, ಪಕ್ಕದ ಚಾಪೆಯ ಹೆಂಗಸು ನಗುತ್ತ ಕೂತಿದ್ದಳು. ಮಂಗಳೂರಿನವಳು, ಹೆಸರು ರುಕ್ಮಣಿಯಮ್ಮ. ಐವತ್ತರ ಆಸುಪಾಸು. ಗಂಡ ವಾಂತಿ ಮಾಡಿಕೊಂಡು ಕೆಳಗೆ ಮಲಗಿದ್ದನಂತೆ.

"ನೀವು ಮಾತಾಡುವುದು ಕನ್ನಡವಾ, ತಮಿಳಾ? ನನಗೆ ಒಂದು ಅರ್ಧ ಮಾತ್ರ ಗೊತ್ತಾಗುವುದು ಮಾರಾಯ್ರೆ!" ಎಂದಳು.

"ಅಂಗಾದ್ರೆ ಅರ್ಧ ಕನ್ನಡ ಅಂತ ಇಟ್ಕಳ್ಳಿ" ಎಂದೆ.

ನೇಯ್ಗೆಯವರ ಕೈ ಸುಮ್ಮನಿರುವುದಿಲ್ಲ. ಎದುರಿಗೆ ಒಳ್ಳೆಯ ಸೀರೆ ಕಂಡರೆ, ಉಟ್ಟವರು ಯಾರು ಎಂದು ನೋಡುವ ಮೊದಲೇ ಸೆರಗು ಹೆಬ್ಬೆರಳು ತೋರುಬೆರಳಿನ ನಡುವೆ ಬಂದಿರುತ್ತದೆ. ಅವಳ ನೇರಳೆ ಸೀರೆಯ ಸೆರಗನ್ನು ಹಾಗೇ ತಿಕ್ಕಿ ನೋಡಿದೆ. ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು ಮತ್ತೊಮ್ಮೆ ನೋಡಿದೆ!

ತುದಿಯಿಂದ ನಾಲ್ಕು ಬೆರಳು ಒಳಗೆ, ಅಡ್ಡಕ್ಕೆ, ಒಂದೇ ಒಂದು ಗಿಳಿಹಸಿರಿನ ಎಳೆ!

"ಈ... ಈ ಸೀರೆ ಎಲ್ಲಿಂದ ಬಂತಮ್ಮ?"

"ಇದಾ? ಕೊಯಮತ್ತೂರಿನ ಕಡೆಯದ್ದು. ನನ್ನ ಮೇಲೆ ಜೀವ ಇಟ್ಟವರು ಕೊಟ್ಟದ್ದು" ಎಂದು ಹುಡುಗಿಯಂತೆ ನಾಚಿ, ಗಂಡನಿಗೆ ಗಂಜಿ ಒಯ್ಯಲು ಎದ್ದುಹೋದಳು.

ಅಷ್ಟರಲ್ಲಿ ನಮ್ಮವರು ಎರಡು ಲೋಟ ಕಾಫಿ ಹಿಡಿದು ಬಂದರು. ಹತ್ತಿರದ್ದು ಕಾಣದ ಆ ಕಣ್ಣಿಗೆ ದೂರದ್ದು ಹದ್ದಿನ ಹಾಗೆ ಕಾಣುತ್ತದೆ. ನಡೆದುಹೋಗುತ್ತಿದ್ದ ರುಕ್ಮಣಿಯಮ್ಮನ ಬೆನ್ನಮೇಲಿನ ಸೆರಗು ನೋಡಿದವರೇ ನಿಂತಲ್ಲೇ ನಿಂತರು. ಕಾಫಿ ಪಂಚೆಯ ಮೇಲೆ ಚೆಲ್ಲಿತು.

"ಯಾರು ಗೊತ್ತಾಯ್ತಾ ಆ ಹೆಂಗಸು?" ಎಂದೆ.

"ಯಾವ ಹೆಂಗಸು? ಈ ಕಪ್ಪಲಲ್ಲಿ ನಾನು ಒಂದ್ ಹೆಂಗಸನ್ನೂ ನೋಡ್ಲಿಲ್ಲೆ!"

ನಮ್ಮ ಸುತ್ತ ಕಡಿಮೆಯೆಂದರೂ ಎಂಬತ್ತು ಹೆಂಗಸರಿದ್ದರು!

ಅವತ್ತು ಹತ್ತು ನಿಮಿಷವೂ ಬೇಕಾಗಲಿಲ್ಲ. ಆ ಒಂದು ಮಾತಿನಲ್ಲೇ ನನ್ನ ಬೆರಳಿಗೆ ಏಳು ಗಂಟು ತಗಲಿದವು. ಕೊಯಮತ್ತೂರು, ಜೀವ ಇಟ್ಟವರು, ಹಸಿರು ಎಳೆ, ಚೆಲ್ಲಿದ ಕಾಫಿ! ಜೋಡಿಸಲು ವಕೀಲರೇಕೆ? ಹಿಂದೆ ವರ್ಷಕ್ಕೆರಡು ಸಲ "ನೂಲು ತರಬೇಕು" ಎಂದು ಕೊಯಮತ್ತೂರಿಗೆ ಹೋಗಿ ಎರಡು ದಿನ ಉಳಿಯುತ್ತಿದ್ದರಲ್ಲ, ನೂಲು ತರಲು ಎರಡು ದಿನವೇಕೆ? ಅವನ್ನೆಲ್ಲ ಮೂವತ್ತು ವರ್ಷ ದೇವಿಗೆ "ನೂಲು ತಂದರು" ಎಂದೇ ಒಪ್ಪಿಸಿದ್ದೆನಲ್ಲ! ಅವಳೂ ಸುಮ್ಮನೆ ಕೇಳಿಸಿಕೊಂಡಳಲ್ಲ!

ಅಲ್ಲಿಂದ ಪತ್ತೇದಾರಿ ಶುರುವಾಯಿತು. ರುಕ್ಮಣಿಯಮ್ಮ ಈ ಕಡೆ ಬಂದರೆ ನಮ್ಮವರು ಆ ಕಡೆ. ಅವಳು ಬಲಗಡೆ ನಿಂತು ಕಲ್ಲಿಕೋಟೆಯ ತೆಂಗುಗಳನ್ನು ನೋಡಿದರೆ, ಇವರು ಎಡಗಡೆ ನಿಂತು ಏನೂ ಇಲ್ಲದ ನೀರನ್ನು ನೋಡುತ್ತಿದ್ದರು. ಪರಿಚಯವಿಲ್ಲದವರಿಗೆ ಯಾರಾದರೂ ಇಷ್ಟು ಹೆದರುತ್ತಾರೆಯೇ? ನಾನು ಹಗ್ಗದ ಸುರುಳಿಯ ಹಿಂದೆ ಕೂತು ನೋಡಿದೆ, ನೀರಿನ ಪೀಪಾಯಿಯ ಹಿಂದೆ ನಿಂತು ನೋಡಿದೆ. ಹಡಗಿನ ಖಲಾಸಿಯೊಬ್ಬ, ಪಾಪ, ವಾಂತಿ ಬಂದಿದೆಯೆಂದು ತಿಳಿದು ಬಕೆಟ್ಟು ತಂದಿಟ್ಟ.

ಊಟದ ಹೊತ್ತಿಗೆ ನೇರವಾಗಿಯೇ ಕೇಳಿದೆ. "ಯಾಕೆ ಓಡಿ ಓಡಿ ಮರೇಲಿ ಒಳೀತೀರಿ?"

"ಕಾಲು ಆಡಿಸ್ತಾ ಇವ್ನಿ. ಕುಳೀಲಿ ಕೂತು ಕೂತು ಕಾಲು ಮರಗಟ್ಟಿತ್ತಲ್ಲ."

"ಆ ನೇರಳೆ ಸೀರೆ ಬಂದಾಗ ಮಾತ್ರ ಆಡ್ತದಾ ಕಾಲು?"

"ನಿನಗೆ ಎಲ್ಲಾದ್ರಲ್ಲೂ ಸಂದೇಗಂ!" ಎಂದು ಅರ್ಧ ಊಟಕ್ಕೇ ಕೈ ತೊಳೆದು ಎದ್ದುಬಿಟ್ಟರು. ಮೊಸರನ್ನ ಬಿಟ್ಟು ಎದ್ದ ಮನುಷ್ಯರಲ್ಲ ಅವರು!

ಮಧ್ಯಾಹ್ನ ರುಕ್ಮಣಿಯಮ್ಮ ನನ್ನ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯತೊಡಗಿದಳು. ನಮ್ಮವರ ಪತ್ತೆಯಿಲ್ಲ. ಇದೇ ಸಮಯವೆಂದು ಇವಳು ಎದ್ದು ಹೋದರೆ? ನಾನು ಕಾವಲಿರಬೇಕು. ಆದರೆ ಹಡಗು ತೊಟ್ಟಿಲಿನಂತೆ ತೂಗುತ್ತಿತ್ತು, ರೆಪ್ಪೆ ಸೀಸದಂತೆ ಭಾರ. ಆಗ ಹೊಳೆಯಿತು ಬ್ರಹ್ಮಾಂಡದಂಥ ಉಪಾಯ! ಅವಳ ಸೆರಗಿನ ತುದಿಯನ್ನೂ ನನ್ನ ಸೆರಗಿನ ತುದಿಯನ್ನೂ ಮೆಲ್ಲಗೆ ಸೇರಿಸಿ ಒಂದು ಗಂಟು ಹಾಕಿದೆ. ಅವಳು ಎದ್ದರೆ ನನಗೆ ಎಚ್ಚರವಾಗಲೇಬೇಕು. ಗಂಟೇನೋ ಹಾಕಿದೆ, ಆದರೆ ಕೈಗೆ ಗೊತ್ತಿದ್ದದ್ದು ಒಂದೇ ಗಂಟು. ಕಡಿದ ಎಳೆಗೆ ಎಳೆ ಕೂಡಿಸಲು ನೇಕಾರರು ಹಾಕುವುದು. ಎಳೆದಷ್ಟೂ ಬಿಗಿಯುವುದೇ ಅದರ ಗುಣ!

ನಾನು ನಿದ್ದೆ ಹೋದೆ.

ಕಣ್ಣಾನೂರು ಬಂತೆಂದು ಹಡಗು ಭೋಂ ಎಂದು ಕೂಗಿತು. ರುಕ್ಮಣಿಯಮ್ಮ ಬೆಚ್ಚಿಬಿದ್ದು ಎದ್ದು ಓಡಿದಳು. ನಾನೂ ಓಡಿದೆ, ನನ್ನ ಇಚ್ಛೆಯಿಲ್ಲದೆ! ಮೂರು ಹೆಜ್ಜೆ. ನಾಲ್ಕನೆಯದಕ್ಕೆ ಇಬ್ಬರೂ ಒಬ್ಬ ವ್ಯಾಪಾರಿಯ ಹಪ್ಪಳದ ಬುಟ್ಟಿಯ ಮೇಲೆ ಧೊಪ್ಪನೆ ಕೂತೆವು. ಇಡೀ ಬುಟ್ಟಿ ಒಂದೇ ಸಲ ಪುಡಿಯಾದ ಆ ಸದ್ದಿಗೆ ಕೆಳಗಿನ ಅಂತಸ್ತಿನವರೂ ಮೇಲೆ ಬಂದರು.

"ಎಂತದು ಮಾರಾಯ್ತಿ ಇದು? ಮದುವೆಯ ಗಂಟಾ?" ಎಂದು ರುಕ್ಮಣಿಯಮ್ಮ ಸೆರಗು ಜಗ್ಗಿದಳು. ಗಂಟು ಇನ್ನಷ್ಟು ಬಿಗಿಯಿತು. ವ್ಯಾಪಾರಿ ಜಗ್ಗಿದ, ಖಲಾಸಿ ಜಗ್ಗಿದ. "ಕತ್ತರಿ ತನ್ನಿ!" ಎಂದರು ಯಾರೋ.

"ಕತ್ತರೀನಾ? ಬೇಡ ಬೇಡ!" ಎನ್ನುತ್ತ ಜನರನ್ನು ಸೀಳಿಕೊಂಡು ನಮ್ಮವರು ಓಡಿಬಂದರು. ಕತ್ತರಿ ಎಂದರೆ ನೇಕಾರರ ಜೀವ ಹೋಗುತ್ತದೆ. ಕೂತು, ಕಣ್ಣು ಮುಚ್ಚಿ, ಬೆರಳಲ್ಲೇ ತಡವಿ ಬಿಡಿಸತೊಡಗಿದರು. ಅವರ ಮಡಿಲಲ್ಲಿ ನನ್ನ ಕುಂಕುಮ ಸೆರಗು, ಅವಳ ನೇರಳೆ ಸೆರಗು, ಎರಡು ಹಸಿರು ಎಳೆಗಳು ಅಕ್ಕಪಕ್ಕ.

ಇನ್ನು ತಡೆಯಲಾಗಲಿಲ್ಲ. "ನಿಮ್ಮ ಬಾಯಾರೆ ಹೇಳಿ! ಇವ್ರಿಗೆ ಯಾಕೆ ಹಾಕಿದ್ರಿ ನನ್ನ ಗುರುತನ್ನ? ಜೀವ ಇಟ್ಟವರು ಯಾರಮ್ಮ ನಿಮಗೆ ಸೀರೆ ಕೊಟ್ಟದ್ದು?"

"ನನ್ನ ಅತ್ತೆ!" ಎಂದಳು ರುಕ್ಮಣಿಯಮ್ಮ, ಹಪ್ಪಳ ಕೊಡವಿಕೊಳ್ಳುತ್ತ. "ಅವರಿಗೆ ಅಂಗಡಿಯವ ಹೇಳಿದ್ದಂತೆ, ಹಸಿರು ಎಳೆ ಇದ್ದರೆ ಮಾತ್ರ ಸಿರುಮುಗೈಯ ಅಸಲು ಸೀರೆ ಅಂತ."

ನಾನು ನಮ್ಮವರ ಮುಖ ನೋಡಿದೆ. ಅವರು ಗಂಟು ನೋಡಿದರು.

"ಹೇಳ್ರಿ."

"ಮೊದಲನೇ ಸೀರೇಲಿ," ಎಂದರು ಮೆಲ್ಲಗೆ, "ನೀನು ಕಂಡಿಕೆ ಸುತ್ತಿದೆ. ತಳದಲ್ಲಿ ಹಳೇ ಹಸಿರು ಮಿಕ್ಕಿತ್ತು. ಅದನ್ನ ತೆಗೀದೆ ಮೇಲೇ ಕುಂಕುಮ ಸುತ್ಬುಟ್ಟೆ. ಕುಂಕುಮ ಮುಗೀತಾಲೂ ಹಸಿರು ಒಂದೆಳೆ ಓಡ್ಬುಡ್ತು. ನಾನು ನೋಡೋಷ್ಟರಲ್ಲಿ ಒಂದು ಗೇಣು ನೇಯ್ದಿದ್ದೆ. ನೀನು ಹೊಸಬಳು. ಅಮ್ಮ ನಿನ್ನ ಸುಮ್ನೆ ಬಿಡ್ತಿದ್ಲಾ? ಅದಕ್ಕೇ ಗುರುತು ಅಂದೆ. ಅಮ್ಮನಿಗೂ ಅಂದೆ, ನಿನಗೂ ಅಂದೆ."

"ಸರಿ. ಅದು ಒಂದ್ ಸೀರೆ. ಇದು?"

"ನೀನು ಎಲ್ಲಿ ನಿಲ್ಲಿಸ್ದೆ ನಾಯಕಿ? ಸುತ್ತುವಾಗ ಯಾರಾದ್ರೂ ಬಂದು ಕಷ್ಟ ಸುಖ ಹೇಳಿದ್ರೆ ನಿನ್ನ ಕಿವಿ ಅಲ್ಲಿ, ಕೈ ಇಲ್ಲಿ. ಸೆರಗಿನ ಮೊದಲ ಕಂಡಿಕೆ ನಾಲ್ಕು ಬೆರಳಿಗೇ ಮುಗೀತದಲ್ಲ, ವರ್ಷಕ್ಕೆ ಮೂರು ನಾಲ್ಕು ಸೀರೇಲಿ ಅದೇ ಜಾಗದಲ್ಲಿ ಹಸಿರು! ನಿನ್ನ ಕಣ್ಣಿಗೆ ಬೀಳ್ದಂಗೆ ಸೆರಗು ಒಳಮಡಿಕೆ ಮಾಡಿ ನಾನೇ ಕೊಯಮತ್ತೂರಿಗೆ ಒಯ್ದು, ಅಂಗಡಿಯವನನ್ನ ಎರಡು ದಿನ ಒಪ್ಪಿಸಿ, 'ಇದು ನಮ್ಮ ಮಗ್ಗದ ಗುರುತು' ಅಂತ ನಂಬಿಸ್ಬೇಕಾಯ್ತು. ಆಮೇಲೆ ಅವನೇ 'ಹಸಿರೆಳೆ ಯಾಕೆ ಇಲ್ಲೆ?' ಅಂತ ಕೇಳೋಕೆ ಶುರು ಮಾಡ್ದ. ಇವತ್ತು ಆ ಸೆರಗು ನೋಡ್ತಾಲೂ ನನ್ನ ಜೀವ ಬಾಯಿಗೆ ಬಂತು. ನಿನಗೆ ತಿಳಿದ್ರೆ ಎಷ್ಟು ನೊಂದ್ಕೊತೀಯೋ ಅಂತ ಓಡಾಡ್ದೆ."

ಗಂಟು ಬಿಚ್ಚಿತು. ಸೆರಗಿನಲ್ಲಿ ಒಂದು ಸುಕ್ಕೂ ಉಳಿಯದಂತೆ ಸವರಿ, ನನ್ನದನ್ನು ನನಗೆ ಕೊಟ್ಟರು.

ಹತ್ತು ನಿಮಿಷದಲ್ಲಿ ಊರಿನ ಸುಳ್ಳು ಹಿಡಿಯುವವಳು ನಾನು! ಮನೆಯೊಳಗಿನ ಸುಳ್ಳನ್ನು ಮೂವತ್ತು ವರ್ಷ ಮೈಮೇಲೆ ಹೊದ್ದು ತಿರುಗಿದ್ದೆ. ಆ ಸುಳ್ಳಿಗೆ ನೂಲು ಸುತ್ತಿಕೊಟ್ಟವಳೂ ನಾನೇ. ಕೋಪ ಮಾಡಿಕೊಳ್ಳೋಣವೆಂದರೆ ಯಾರ ಮೇಲೆ? ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಹಪ್ಪಳದವನೊಬ್ಬ ಮಾತ್ರ ತಟ್ಟಲಿಲ್ಲ. ಅವನ ಪುಡಿಯನ್ನೆಲ್ಲ ನಮ್ಮವರೇ ಕೊಂಡರು. ರಾತ್ರಿ ಊಟಕ್ಕೆ ಎಲ್ಲರಿಗೂ ಅದೇ.

ಮರುದಿನ ಬೆಳಗ್ಗೆ ದೇವಿಗೆ ವರದಿ ಒಪ್ಪಿಸಲು ಕೂತೆ. ಬಹಳ ಚಿಕ್ಕದಾಗಿ ಮುಗಿಸಿದೆ.

ಮಂಗಳೂರಿನಲ್ಲಿ ಇಳಿಯುವಾಗ ರುಕ್ಮಣಿಯಮ್ಮ ನನ್ನ ಕೈ ಹಿಡಿದಳು. "ಮಧ್ಯಾಹ್ನ ಊಟಕ್ಕೆ ನಮ್ಮಲ್ಲಿಗೇ ಬನ್ನಿ. ನಮ್ಮ ಬೀದಿಯಲ್ಲೇ ಹಸಿರೆಳೆಯ ಸೀರೆಯವರು ಹನ್ನೊಂದು ಮಂದಿ ಇದ್ದಾರೆ. ಎಲ್ಲರನ್ನೂ ಸೀರೆ ಉಡಿಸಿ ಸಾಲಾಗಿ ಜಗಲಿಯಲ್ಲಿ ನಿಲ್ಲಿಸ್ತೇನೆ. ಒಟ್ಟಿಗೆ ನೋಡಬಹುದು!"

"ಓಗಾಣ ನಾಯಕಿ, ನನ್ನ ಕೆಲಸ ನಾನೂ ನೋಡ್ದಂಗಾಯ್ತು!" ಎಂದು ನಮ್ಮವರು ಆಗಲೇ ಟ್ರಂಕು ಎತ್ತಿದ್ದರು.

"ಬೇಡಮ್ಮ, ನಿಮ್ಮ ಪುಣ್ಯ" ಎಂದೆ ಕೈಮುಗಿದು. "ಹನ್ನೊಂದು ಜನ ಸಾಲಾಗಿ ನಿಂತ್ರೆ, ತಪ್ಪಾಯ್ತು ಅಂತ ಮೊದಲು ಯಾರ ಕಾಲಿಗೆ ಬೀಳ್ಲಿ ನಾನು?"