ಸಿದ್ದಾರೂಢನ ತಂಪು ಬೆಳಕು

ಎಲ್ಲದಕ್ಕೂ ಕಾರಣ ಹಾಲ್‌ನ ಗೋಡೆಯ ಮೇಲಿನ ಬಲ್ಬು. ಕರೆಂಟ್ ಬಿಲ್ ಕಡಿಮೆ ಬರಲಿ ಅಂತ ಸಿದ್ದಾರೂಢ ತಾನೇ ಆರಿಸಿ ತಂದ ಎಲ್‌ಇಡಿ. ಯೆರವಡಾದ ಅವನ ಮನೆಗೆ ಪಕ್ಕದ ಬಿಲ್ಡಿಂಗು ಬೆನ್ನು ಹಚ್ಚಿಕೊಂಡೇ ನಿಂತಿದ್ದರಿಂದ ಹಗಲಲ್ಲೂ ದೀಪ ಬೇಕು. ಆ ಬೆಳಕೋ, ಹೈವೇದಾಗ ಎದುರು ಬಂದ ಲಾರಿಯದ್ದೇ ಸೈ.

ರವಿವಾರ ಮುಂಜಾನೆ ಹೆಂಡತಿ ರೇಣು ಚಹಾದ ಕಪ್ಪನ್ನು ಟಕ್ಕಂತ ಇಟ್ಟಳು.

"ಏನ್ರಿ, ಅವ್ವ ಇವತ್ತ ಸಂಜಿಗೆ ದೇಹೂ ರೋಡಿಗೆ, ತಮ್ಮನ ಮನಿಗೆ ಹೋಗ್ತೀನಿ ಅಂತಾಳ. ಕರಕೊಂಡು ಹೋಗ್ಲಿಕ್ಕೆ ಅವನ ಬರ್ತಾನ. ಕಣ್ಣಿನ ಆಪರೇಶನ್ ಆದಾಗಿಂದ ಈ ಬೆಳಕ ಚುಚ್ಚತದಂತ. ನಿಮ್ಮ ಬಲ್ಬಿನ ಸಲುವಾಗಿ ನಮ್ಮವ್ವ ಮನಿ ಬಿಟ್ಟು ಹೋದಳಂದ್ರ ನೋಡ್ರಿ ಮತ್ತ!"

ಅತ್ತೆ ಯಾವಾಗ ಹೊರಡುತ್ತಾಳೋ ಅಂತ ದಾರಿ ಕಾಯುವ ಅಳಿಯಂದಿರು ಬೇಕಾದಷ್ಟು ಜನ ಇದ್ದಾರು. ಸಿದ್ದಾರೂಢನ ಎದೆ ಮಾತ್ರ ಧಸಕ್ಕೆಂದಿತು. ಅತ್ತೆ ಭೀಮವ್ವ ಬಂದಾಗಿನಿಂದ ಅವನ ತಾಟಿಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬೀಳುತ್ತಿದ್ದವು. ಅದಕ್ಕಿಂತ ದೊಡ್ಡದೆಂದರೆ, ರೇಣು ಬಾಯಿ ತೆರೆದರೆ ಸಾಕು, "ಹುಡುಗೀ, ಗಂಡಸು ಮನಿಗೆ ದಣದು ಬಂದಾನ, ಸುಮ್ನಿರು" ಅಂತ ಭೀಮವ್ವ ಗದರುತ್ತಿದ್ದಳು. ಮದುವೆಯಾದ ಮೇಲೆ ಮೊದಲ ಸಲ ಸಿದ್ದಾರೂಢ ಮನೆಯಲ್ಲಿ ಟವೆಲ್ಲನ್ನು ಹಾಸಿಗೆ ಮೇಲೆ ಒಗೆದೂ ಬದುಕಿದ್ದ. ಇಂಥ ಅತ್ತೆಯನ್ನು ಕಳಿಸಿಕೊಡುವುದುಂಟೆ?

"ಸಂಜಿಯೊಳಗ ತಂಪು ಬೆಳಕ ಮಾಡಿ ತೋರಸ್ತೀನಿ," ಎಂದು ಎದ್ದ.

ಅಟ್ಟದ ಮೇಲೊಂದು ಹಳೆಯ ಡಿಮ್ಮರ್ ಬಿದ್ದಿತ್ತು. ತಿರುವಿದರೆ ದೀಪದ ಬೆಳಕು ಏರುವ, ಇಳಿಯುವ ಗುಂಡಿ. ಹಳದಿ ಬಲ್ಬಿನ ಕಾಲದ್ದು. ಮೇನ್ ಸ್ವಿಚ್ ಆರಿಸಿ ಅದನ್ನು ಗೋಡೆಗೆ ಕೂಡಿಸುವಾಗ ಅಡುಗೆಮನೆಯಲ್ಲಿ ಮಿಕ್ಸರ್ ಅರ್ಧಕ್ಕೇ ನಿಂತಿತು. "ನನ್ನ ಚಟ್ನಿ!" ಎಂದು ರೇಣು ಕೂಗಿದಳು. ಗಾಬರಿಯಿಂದ ಸ್ಟೂಲಿನಿಂದ ಇಳಿದ ಸಿದ್ದಾರೂಢನ ಕಾಲು ನೇರವಾಗಿ ಹುರಿದ ಶೇಂಗಾದ ತಾಟಿನಲ್ಲಿ ಬಿತ್ತು.

ಮೇನ್ ಸ್ವಿಚ್ ಹಾಕಿದ. ಗುಂಡಿ ತಿರುವಿದ. ಬಲ್ಬು ಗುಂಯ್ಯೆಂದು ದುಂಬಿಯಂತೆ ಹಾಡಿ, ಪಿಳಿಪಿಳಿ ಕಣ್ಣು ಹೊಡೆಯತೊಡಗಿತು.

ಬಲ್ಬಿನ ಕೆಳಗೇ ರೇಣುವಿನ ತೀರಿಹೋದ ಅಪ್ಪನ ಫೋಟೋ. ಎದುರು ದಿವಾನದ ಮೇಲೆ ಭೀಮವ್ವ. ದೀಪ ಹತ್ತಿದ ಕೂಡಲೇ ಕೈ ಮುಗಿಯುವುದು ಆಕೆಗೆ ಹುಟ್ಟಿನಿಂದ ಬಂದ ರೂಢಿ. ಅದು ಎಣ್ಣೆ ದೀಪವಿರಲಿ, ಎಲ್‌ಇಡಿಯಿರಲಿ. ಬಲ್ಬು ಆರಿತು, ಹತ್ತಿತು. ಭೀಮವ್ವ ಕೈ ಮುಗಿದಳು. ಮತ್ತೆ ಆರಿತು, ಹತ್ತಿತು, ಮತ್ತೆ ಮುಗಿದಳು. ಹೀಗೇ ನಡೆದರೆ ಮುದುಕಿಯ ರಟ್ಟೆ ಬೀಳುತ್ತವಲ್ಲಪ್ಪ ಅಂತ ಸಿದ್ದಾರೂಢ ಬೆವತ.

"ಆತು, ತಿಳೀತು," ಎಂದು ಭೀಮವ್ವ ತನ್ನಷ್ಟಕ್ಕೆ ಗೊಣಗಿ, ಎದ್ದು ಒಳಗೆ ಹೋದಳು.

ಸಿಟ್ಟು ಬಂದದ, ಚೀಲ ಕಟ್ಟಲಿಕ್ಕೆ ಹೋದರು ಅಂತಲೇ ಸಿದ್ದಾರೂಢ ತಿಳಿದ.

ಎದುರು ಮನೆಯ ಸುಖೇಶ್ ಬಾಗಿಲಲ್ಲಿ ಇಣುಕಿದ. ಬೆಂಗಳೂರಿನ ಹುಡುಗ, ಐಟಿ ಕೆಲಸ. "ಅಂಕಲ್, ನಿಮ್ಮನೇಲಿ ಡಿಸ್ಕೋ ನಡೀತಾ ಇದೆಯಾ? ಈ ಬಲ್ಬು ಡಿಮ್ಮರ್‌ಗೆ ಆಗಲ್ಲ. ಡಿಮ್ಮಬಲ್ ಅಂತಾನೇ ಬೇರೆ ಬರುತ್ತೆ, ಡಬ್ಬಿ ಮೇಲೆ ಬರೆದಿರುತ್ತೆ ನೋಡಿ."

ಬಿಸಿಲಲ್ಲಿ ಬಜಾರೆಲ್ಲ ಸುತ್ತಿ ಅಂಥ ಬಲ್ಬು ತಂದದ್ದಾಯಿತು. ಪೂರಾ ಬೆಳಕಿನಲ್ಲಿ ಅದು ಸುಮ್ಮನಿತ್ತು. ಸಣ್ಣ ಮಾಡಿದರೆ ಚಳಿಜ್ವರ ಬಂದವರಂತೆ ನಡುಗಿತು. ಒಳಗಿನಿಂದ ಬಂದ ಭೀಮವ್ವ ಫೋಟೋದ ಮುಂದೆ ನಿಂತು ಏನೋ ಕೇಳಿದಳು, ನಡುಗುವ ದೀಪ ನೋಡಿದಳು, ಕೈ ಮುಗಿದಳು. "ಆಗ್ಲಿರಿ, ನೀವಂದಂಗ," ಎಂದು ಮತ್ತೆ ಒಳಗೆ ಹೋದಳು. ಕಪಾಟಿನ ಬಾಗಿಲು ಕಿರ್ರೆಂದಿತು.

"ಕೇಳಿದ್ರೇನು? ಸೀರಿ ತಗೀಲಿಕತ್ತಾಳ," ರೇಣು ಕಣ್ಣೊರೆಸಿಕೊಂಡಳು. "ನಿಮ್ಮ ಕೈಲೆ ಒಂದು ಬಲ್ಬ್ ಆಗೂದಿಲ್ಲ!"

ಅಷ್ಟರಲ್ಲಿ ಮೇಲಿನ ಮನೆಯ ದಿಗಂಬರ ಕಾಕಾ ಕರೆಯದೇ ಬಂದರು. ಯಾರ ಮನೆಯಲ್ಲಿ ಸ್ಟೂಲು ಎಳೆದ ಸದ್ದಾದರೂ ಅವರ ಕಾಲು ನಿಲ್ಲುವುದಿಲ್ಲ. ಮೇಲೆ ನೋಡಿ, "ಅಹೋ, ಲೋಡ್ ಕಮೀ ಪಡತೋಯ್!" ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟರು. ದೊಡ್ಡ ಹಳದಿ ಬಲ್ಬಿನ ಭಾರ ಹೊತ್ತು ಬೆಳೆದ ಡಿಮ್ಮರಿಗೆ ಈ ಹಗುರ ಬಲ್ಬು ಸಾಲುವುದಿಲ್ಲವಂತೆ. ಸ್ವಲ್ಪ ಭಾರ ಹಾಕಿದರೆ ತಾನೇ ಸುಮ್ಮನಾಗುತ್ತದಂತೆ. ಓಡಿಹೋಗಿ, ಕಾಲುಚೀಲದಲ್ಲಿ ಸುತ್ತಿಟ್ಟಿದ್ದ ಹಳೆಯ ಹಳದಿ ಬಲ್ಬೊಂದನ್ನು ತಂದರು. ಎಲ್‌ಇಡಿ ಇದ್ದ ಜೋಡಿ ಹೋಲ್ಡರಿನ ಇನ್ನೊಂದು ಖಾಲಿ ಬಾಯಿಗೆ ಅದನ್ನು ಹಾಕಿ, ಸಿದ್ದಾರೂಢ ಉಸಿರು ಹಿಡಿದು ಗುಂಡಿ ತಿರುವಿದ.

ಆಹಾ! ಬೆಳಕು ಬೆಣ್ಣೆಯಂತೆ ಇಳಿಯಿತು, ಬೆಣ್ಣೆಯಂತೆ ಏರಿತು. ಗುಂಯ್ ಇಲ್ಲ, ನಡುಕ ಇಲ್ಲ. ಹಾಲಿನ ತುಂಬ ತಂಪು ಬೆಳಕು. ರೇಣು ಗಂಡನನ್ನು ಹೊಸದಾಗಿ ಕಂಡವಳಂತೆ ನೋಡಿದಳು. "ಭಾಳ ಛಲೋ ಆತ್ರಿ!" ಅಂದಳು. ಸಿದ್ದಾರೂಢ ಆ ಒಂದು ಗಳಿಗೆ ರಾಜನಾಗಿದ್ದ.

ಮುಚ್ಚಂಜೆಗೆ ರೇಣುವಿನ ತಮ್ಮ ಹೊಳಬಸಪ್ಪ ಬಂದ. "ಮಾಮಾ, ಅವ್ವ ತಯಾರಾದಳೇನ್ರಿ?"

"ಕುಂಡ್ರಪಾ, ಅತ್ತಿ ಎಲ್ಲಿಗೂ ಬರೂದಿಲ್ಲ," ಎಂದು ಸಿದ್ದಾರೂಢ ಮೀಸೆ ತಿರುವಿದ. "ಬರ್ರಿ ಅತ್ತಿ, ನೋಡ್ರಿ. ಕಣ್ಣಿಗೆ ಚುಚ್ಚತದೇನು?"

ಭೀಮವ್ವ ಬಂದಳು. ದೀಪ ನೋಡಿದಳು. ಫೋಟೋ ನೋಡಿದಳು. ಬಹಳ ಹೊತ್ತು ಹಾಗೇ ನಿಂತಳು. ದೀಪ ಅಲುಗಲಿಲ್ಲ. ಆಕೆಯ ಕಣ್ಣು ತುಂಬಿ ಬಂದವು.

"ರೇಣು, ನನ್ನ ಚೀಲ ಕಟ್ಟವಾ."

"ಅವ್ವಾ! ಚೀಲಾ ಮುಂಜಾನೇನ ಕಟ್ಟೀಯಲ್ಲ?"

"ಕಟ್ಟಿದ್ದೆ, ಬಿಚ್ಚಿದ್ದೆ. ಹೋಗಬೇಕಂತ ಮನಸ್ಸು ಮಾಡಿದಾಗೊಮ್ಮೆ ನಿಮ್ಮಪ್ಪನ ತಲಿಮ್ಯಾಗಿನ ದೀಪ ನಡಗತಿತ್ತು. ಅವರು ಬ್ಯಾಡ ಅನ್ಲಿಕತ್ತಾರ ಅಂತ ತಿಳದು ಸೀರಿ ಎಲ್ಲಾ ತಿರುಗಿ ಕಪಾಟಿನ್ಯಾಗ ಇಟ್ಟೆ, ಇಲ್ಲೇ ಇದ್ದರಾತಂತ. ಈಗ ನೋಡು, ಹೆಂಗ ಶಾಂತ ನಿಂತದ! ಹೋಗು ಅಂದ್ರು."

ಸಿದ್ದಾರೂಢ ಛಂಗನೆ ಹಾರಿ ಡಿಮ್ಮರ್ ಹಿಡಿದ. ನಡುಗು, ನಮ್ಮಪ್ಪಾ, ಒಂದೇ ಒಂದು ಸಲ ನಡುಗು! ಸರ್ರನೆ ಕೆಳಗೆ ತಿರುವಿದ. ಬೆಳಕು ಮೆಲ್ಲಗೆ, ವಿನಯದಿಂದ ಇಳಿಯಿತು.

"ನೋಡ್ರಿ ಅಳಿಯಂದ್ರ," ಭೀಮವ್ವ ಕೈ ಮುಗಿದಳು. "ತಲಿ ಬಾಗಿಸಿ, ಹೋಗಿ ಬಾ ಅಂದ್ರು!"

ಅತ್ತೆ ಹೋದಳು. ಬಾಗಿಲಲ್ಲಿ ನಿಂತಿದ್ದ ರೇಣು ಗಾಡಿ ಮರೆಯಾಗುವ ತನಕ ಕೈ ಬೀಸಿ, ಆಮೇಲೆ ಸೊಂಟಕ್ಕೆ ಕೈಯಿಟ್ಟು ತಿರುಗಿದಳು.

"ಇಷ್ಟು ಛಂದ ಮಾಡ್ರಿ ಅಂತ ನಿಮಗ ಹೇಳಿದವರು ಯಾರ್ರಿ? ಮತ್ತ ಆ ಟವೆಲ್ಲು, ಅದು ಹಾಸಿಗಿ ಮ್ಯಾಲೆ ಯಾಕ ಬಿದ್ದದ?"

ಸಿದ್ದಾರೂಢ ಟವೆಲ್ಲಿನತ್ತ ಓಡುವಷ್ಟರಲ್ಲಿ ದಿಗಂಬರ ಕಾಕಾನ ಹಳೆಯ ಬಲ್ಬು ಫಟ್ಟೆಂದು ಸುಟ್ಟುಹೋಯಿತು. ಒಂಟಿಯಾದ ಎಲ್‌ಇಡಿ ಗುಂಯ್ಯೆಂದು, ಗಡಗಡ ನಡುಗತೊಡಗಿತು. ಅವನು ಮಾವನ ಫೋಟೋ ನೋಡಿ ಸುಮ್ಮನೆ ಕೈ ಮುಗಿದ.