ಏಡಿಗಳೂ ಎರಡನೆಯ ಸಲದ ತುಪ್ಪವೂ

ಯಾರಾದರೂ ಹಾಲು ತಂದುಕೊಟ್ಟರೆ ನಾನು ಮೊದಲು ಮೂಸಿ ನೋಡುತ್ತೇನೆ. ಹಾಲು ಕೆಟ್ಟಿದೆಯೇ ಎಂದು ನೋಡಲು ಅಲ್ಲ, ಕೊಟ್ಟವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು. ಸಂತೆಯಲ್ಲಿ ಬದನೆಕಾಯಿಯವಳು ಕೇಳದೆಯೇ ಕೊಸರು ಹಾಕಿದರೆ ನನ್ನ ಕಣ್ಣು ತಕ್ಕಡಿಯ ಕಡೆ ಹೋಗುತ್ತದೆ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ ಸೀಟಿನಲ್ಲಿ ಮೊಳೆ ಎದ್ದಿರಬೇಕು ಎಂದುಕೊಂಡು ಕೈಯಾಡಿಸಿ ನೋಡಿಯೇ ಕೂರುತ್ತೇನೆ. ಇದು ಹುಟ್ಟುಗುಣ. "ನೀ ಹುಟ್ಟಿದಾಗ ಅಳಲೇ ಇಲ್ಲಪಾ, ಸೂಲಗಿತ್ತಿ ಮುಖಾನೇ ನೋಡ್ತಿದ್ದಿ, ಇವಳು ಖರೇನ ಸೂಲಗಿತ್ತಿನೋ ಅಲ್ಲೋ ಅಂತ" ಎಂದು ನಮ್ಮವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಅವಳು ಇದನ್ನು ನಗುತ್ತ ಹೇಳುತ್ತಿದ್ದಳು. ಯಾಕೆ ನಗುತ್ತಾಳೆ ಎಂದು ನನಗೆ ಅದರ ಮೇಲೂ ಅನುಮಾನ.

ಇಂಥ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ವಿಷಯ ಪ್ರಾಣಿಶಾಸ್ತ್ರ. ನಮ್ಮ ಶಿಕಾರಿಪುರದಲ್ಲಿ ಆಗ ಎಂ.ಎಸ್ಸಿ. ಎಂದರೆ ಏನೆಂದು ತಿಳಿಸುವುದು ಎಂ.ಎಸ್ಸಿ. ಓದುವುದಕ್ಕಿಂತ ಕಷ್ಟವಾಗಿತ್ತು. "ಡಾಕ್ಟರ್ ಆಗ್ತೀಯೇನು?" "ಇಲ್ಲ." "ಇಂಜಿನಿಯರು?" "ಅಲ್ಲ." "ಮತ್ತೆ ಮೈಸೂರಿನಾಗೆ ಏನ್ ಮಾಡ್ತೀಯೋ ಮಾರಾಯ?" ಎಂದು ಕೇಳಿದವರು ಕೊನೆಗೆ ಮರುಕದಿಂದ ನನ್ನ ಬೆನ್ನು ಸವರಿ ಹೋಗುತ್ತಿದ್ದರು. ವಿಜ್ಞಾನ ಓದುವ ಹುಡುಗನಿಗೆ ಊರಿನಿಂದ ಸಿಗುತ್ತಿದ್ದ ಆಸರೆ ಅಷ್ಟೇ. ಇನ್ನು ಮೈಸೂರಿನಲ್ಲಿ ಸಿಗುತ್ತಿದ್ದುದು ನಮ್ಮ ಪ್ರೊಫೆಸರರ "ನೋಡೋಣ" ಎಂಬ ಒಂದೇ ಮಾತು. ವಿದ್ಯಾರ್ಥಿವೇತನ ಬರುತ್ತದೆಯೇ ಸಾರ್? ನೋಡೋಣ. ಓದು ಮುಗಿದ ಮೇಲೆ ಕೆಲಸ? ನೋಡೋಣ. ಅವರು ಬಹಳ ದೂರದೃಷ್ಟಿಯವರು ಎಂದು ಎಲ್ಲರೂ ಹೊಗಳುತ್ತಿದ್ದರು. ಅವರಿಗೆ ಏನೂ ಕಾಣಿಸುತ್ತಿಲ್ಲವೇನೋ ಎಂಬುದು ನನ್ನ ಗುಮಾನಿ.

ಅವರು ನನಗೆ ಕೊಟ್ಟ ವಿಷಯ ಗದ್ದೆ ಏಡಿ. ಮಳೆಗಾಲ ಮುಗಿಯುವುದರೊಳಗೆ ಮರಿಯಿಂದ ಮುದುಕನವರೆಗೆ ಎಲ್ಲ ವಯಸ್ಸಿನ ಏಡಿಗಳನ್ನು ಹಿಡಿದು, ಅಳೆದು, ಬಾಟಲಿಗೆ ಹಾಕಿ ತಂದರೆ ಥೀಸಿಸ್ ಬರೆಯಬಹುದು. ಥೀಸಿಸ್ ಆದರೆ ಇಲಾಖೆಯಲ್ಲಿ ಖಾಲಿಯಾಗಲಿರುವ ಒಂದು ಹುದ್ದೆಯ ವಿಚಾರ ನೋಡೋಣ. ತರದಿದ್ದರೆ ಒಂದು ವರ್ಷ ಹೋಯಿತು, ಹುದ್ದೆಯೂ ಹೋಯಿತು. ಏಡಿಗೆ ಒಳ್ಳೆಯ ಗದ್ದೆ ಬೇಕೆಂದರೆ ಸೊರಬದ ಕಡೆಗೇ ಹೋಗಬೇಕು. ಅಲ್ಲಿ ನನಗೆ ಯಾರೂ ಇರಲಿಲ್ಲ.

ಇದನ್ನು ಸೋದರಮಾವನ ಬೆಲ್ಲದ ಅಂಗಡಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದಾಗ ಸೊರಬದ ಅಕ್ಕಿ ಗಿರಣಿಯ ಚನ್ನಬಸಪ್ಪನವರು ಅಲ್ಲೇ ಇದ್ದರು. ಮಾವನ ವ್ಯಾಪಾರದ ಸ್ನೇಹಿತರು. ದುಂಡು ಮುಖ, ನಿಧಾನದ ಮಾತು. "ನಮ್ಮನೇಲೇ ಇರಿ ಮಾರಾಯ್ರೆ. ಗದ್ದೆ ಬಾಗಿಲಲ್ಲೇ ಇದೆ. ಓದೋ ಹುಡುಗ್ರಿಗೆ ಇಷ್ಟೂ ಮಾಡ್ದಿದ್ರೆ ನಾವೆಲ್ಲ ಯಾಕಿರೋದು?" ಎಂದುಬಿಟ್ಟರು. ನಾನು ಕೇಳಿಯೇ ಇರಲಿಲ್ಲ. ಕೇಳದೆ ಕೊಟ್ಟರು ಎಂದಮೇಲೆ ತಕ್ಕಡಿ ನೋಡಲೇಬೇಕಲ್ಲ! ಸಂಜೆಯ ಹೊತ್ತಿಗೆ ವಿಚಾರಿಸಿ ತಿಳಿದುಕೊಂಡೆ. ಅವರಿಗೆ ಒಬ್ಬಳೇ ಮಗಳು, ಮದುವೆಯಾಗಿಲ್ಲ.

ನನ್ನ ಅನುಮಾನಕ್ಕೆ ಆಧಾರವಿಲ್ಲವೆಂದು ಯಾರೂ ಹೇಳುವಂತಿಲ್ಲ. ಆಗ ನಮ್ಮ ಕಡೆ ಇದ್ದ ಪದ್ಧತಿಯೇ ಅದು. ಅನುಕೂಲಸ್ಥರು ಓದುವ ಹುಡುಗನೊಬ್ಬನನ್ನು ಗುರುತು ಮಾಡಿ, ಊಟ ಹಾಕಿ, ಫೀಜು ಕಟ್ಟಿ ಓದಿಸುವುದು. ಕೊನೆಗೆ ಮಗಳನ್ನು ಕೊಟ್ಟು ಅಳಿಯನನ್ನಾಗಿ ಮಾಡಿಕೊಳ್ಳುವುದು. ನನ್ನ ಜೊತೆ ಓದಿದ ಮಹದೇವನಿಗೆ ಹೀಗೇ ಒಬ್ಬರು ಬಿ.ಎಸ್ಸಿ. ಉದ್ದಕ್ಕೂ ಹೋಳಿಗೆ ತಿನ್ನಿಸಿದರು. ಫಲಿತಾಂಶ ಬಂದ ವಾರವೇ ಅವರ ಮನೆ ಮುಂದೆ ಚಪ್ಪರ ಎದ್ದಿತು. ಮಹದೇವ ಈಗ ಮಾವನ ಅಂಗಡಿಯಲ್ಲಿ ಮೆಣಸಿನಕಾಯಿ ತೂಗುತ್ತಾನೆ, ರಸಾಯನಶಾಸ್ತ್ರದಲ್ಲಿ ಅವನಿಗೆ ಉಳಿದಿರುವುದು ಸೀನು ಮಾತ್ರ. ನನಗೆ ಏಡಿ ಬೇಕಿತ್ತು, ಹುದ್ದೆ ಬೇಕಿತ್ತು, ಮದುವೆ ಬೇಡವಾಗಿತ್ತು. ಉಣ್ಣೋಣ, ಆದರೆ ಸಿಕ್ಕಿಬೀಳುವುದು ಬೇಡ ಎಂದು ಗಟ್ಟಿ ಮನಸ್ಸು ಮಾಡಿ ಬಾಟಲಿಗಳ ಪೆಟ್ಟಿಗೆ ಹೊತ್ತುಕೊಂಡು ಸೊರಬದ ಬಸ್ಸು ಹತ್ತಿದೆ.

ಆ ಕಾಲದಲ್ಲೇ ಸೊರಬಕ್ಕೆ ಹತ್ತಿರದ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಜನರಿಗೂ ಜ್ವರ ಬರುತ್ತಿತ್ತು. ಬಾಟಲಿ ಹಿಡಿದು ಓಡಾಡುವವರನ್ನು ಕಂಡರೆ ಊರವರು ಮಂಗನ ಡಾಕ್ಟರೆಂದು ತಿಳಿದು ನಾಡಿ ತೋರಿಸಲು ಬರುತ್ತಿದ್ದರು. ಏಡಿ ಹಿಡಿಯಲು ಬಂದವನೆಂದರೆ ನಂಬುತ್ತಿರಲಿಲ್ಲ. ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನೆಯ ಹುಡುಗ ಏಡಿ ಹಿಡಿಯುತ್ತಾನೆಂದರೆ ಯಾರು ತಾನೇ ನಂಬಿಯಾರು? ಆದರೆ ಚನ್ನಬಸಪ್ಪನವರು ನಂಬಿದರು. ಅವರ ಮನೆಯೂ ಅಂಥದೇ ಮನೆ. ಆದರೂ ಹಿಂದಿನ ಕೋಣೆ ಬಿಟ್ಟುಕೊಟ್ಟು, ಏಡಿ ಇಡಲು ಒಂದು ಹಳೆಯ ಹಂಡೆ ಕೊಟ್ಟು, "ತಪ್ಪಿಸಿಕೊಂಡು ಅಡಿಗೆಮನೆ ಕಡೆ ಬರ್ದಿದ್ರೆ ಸಾಕು ಮಾರಾಯ್ರೆ" ಎಂದರು. ನೀವೇ ಹೇಳಿ, ಮಾಂಸ ಮುಟ್ಟದ ಮನೆಯಲ್ಲಿ ಹಂಡೆ ತುಂಬ ಏಡಿ ಇಟ್ಟುಕೊಳ್ಳಲು ಬಿಡುತ್ತಾರೆ ಎಂದರೆ ಮದುವೆಗೆ ಬಂದ ಮಗಳಿರುವ ಮನೆಯಲ್ಲದೆ ಮತ್ತೇನು?

ಊಟಕ್ಕೆ ಕೂತರೆ ಅವರ ಹೆಂಡತಿ ನೀಲಮ್ಮನವರು ಅನ್ನಕ್ಕೆ ತುಪ್ಪ ಹಾಕುತ್ತಿದ್ದರು. ಸರಿ, ಅದು ಎಲ್ಲ ಮನೆಯಲ್ಲೂ ಉಂಟು. ಆದರೆ ಅವರು ಎರಡನೆಯ ಸಲವೂ ಹಾಕುತ್ತಿದ್ದರು. ಆ ಎರಡನೆಯ ಸಲದ ತುಪ್ಪ ಎಲೆಗೆ ಬಿದ್ದಾಗಲೆಲ್ಲ ನನಗೆ ಮಹದೇವನ ಹೋಳಿಗೆ ನೆನಪಾಗುತ್ತಿತ್ತು. ಉಂಡು ಕೈತೊಳೆದು ಬಂದರೆ ಜಗಲಿಯಲ್ಲಿ ಚನ್ನಬಸಪ್ಪನವರು ಎಲೆ ಅಡಿಕೆ ತಟ್ಟೆ ಮುಂದಿಟ್ಟು ವಿಚಾರಣೆ ಶುರುಮಾಡುತ್ತಿದ್ದರು. ಎಂ.ಎಸ್ಸಿ. ಆದಮೇಲೆ ಏನು ಕೆಲಸ ಸಿಗುತ್ತದೆ? ಸಂಬಳ ಎಷ್ಟು? ಕಾಯಂ ಆಗುತ್ತದೆಯೇ? ಮೈಸೂರಿನ ಊಟ ಮೈಗೆ ಹಿಡಿಸುತ್ತದೆಯೇ? ಜೊತೆಯಲ್ಲಿ ಓದುವವರು ಮರ್ಯಾದಸ್ಥರೇ? ಅತಿಯಾಗಿ ಓದಿ ಆರೋಗ್ಯ ಕೆಡುವುದಿಲ್ಲವೇ? ಗಂಡು ನೋಡಲು ಬಂದವರು ಕೇಳುವ ಪ್ರಶ್ನೆಗಳಲ್ಲಿ ಅವರು ಬಿಟ್ಟದ್ದು ನಕ್ಷತ್ರ ಒಂದೇ. ಅದನ್ನು ಮಾವನ ಹತ್ತಿರ ಆಗಲೇ ಕೇಳಿರಬೇಕು ಎಂದುಕೊಂಡೆ.

ಆಮೇಲೆ ಮಗಳು ಬಂದಳು. ಹೆಸರು ಗಿರಿಜಾ. ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇರುತ್ತಾಳೆಂದೂ ರಜೆಗೆ ಬಂದಿದ್ದಾಳೆಂದೂ ನೀಲಮ್ಮನವರು ಹೇಳಿದರು. ಅಲ್ಲಿ ಏನು ಮಾಡುತ್ತಾಳೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಆಸಕ್ತಿ ಇದೆ ಎಂದುಕೊಂಡಾರು! ಹೊಲಿಗೆ, ಹಾಡು ಕಲಿಯುತ್ತಿರಬೇಕು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಅವಳು ಒಂದು ಬೆಳಿಗ್ಗೆ ಕಾಫಿ ತಂದಿಟ್ಟು ಹೋಗದೆ ಹಂಡೆಯ ಮೇಲೆ ಬಗ್ಗಿ ನಿಂತಳು. ಕೈಹಾಕಿ ಒಂದು ಏಡಿಯನ್ನು ಬೆನ್ನ ಕಡೆಯಿಂದ ಹಿಡಿದೆತ್ತಿ, ಮಗುಚಿ ನೋಡಿ, "ಇದು ಹೆಣ್ಣಲ್ವಾ? ಹೊಟ್ಟೆ ಕೆಳಗಿನ ಮಡಿಕೆ ಅಗಲ ಇದೆ" ಎಂದಳು. ಎಂಥ ತಯಾರಿ ನೋಡಿ! ಮಗಳಿಗೆ ಏಡಿಯ ಪಾಠವನ್ನೂ ಬಾಯಿಪಾಠ ಮಾಡಿಸಿ ಕಳಿಸಿದ್ದಾರಲ್ಲ ಎಂದು ಚನ್ನಬಸಪ್ಪನವರ ಮೇಲೆ ನನಗೆ ಭಯವೂ ಗೌರವವೂ ಒಟ್ಟಿಗೇ ಹುಟ್ಟಿದವು. "ಇರಬಹುದು, ನನಗೆ ಸರಿಯಾಗಿ ಗೊತ್ತಿಲ್ಲ" ಎಂದೆ. ಅವಳು ನನ್ನ ಮುಖ ನೋಡಿ, ಏಡಿಯನ್ನು ಹಂಡೆಗೆ ಬಿಟ್ಟು ಹೋದಳು.

ಇನ್ನು ಸುಮ್ಮನಿದ್ದರೆ ನಾನೂ ಮೆಣಸಿನಕಾಯಿ ತೂಗಬೇಕಾದೀತೆಂದು ಆ ದಿನವೇ ಎದುರು ದಾಳಿ ಶುರುಮಾಡಿದೆ. ಜಗಲಿಯಲ್ಲಿ ಚನ್ನಬಸಪ್ಪನವರು ಬಾಯಿ ತೆಗೆಯುವ ಮೊದಲೇ ನಾನು ನಿಟ್ಟುಸಿರು ಬಿಟ್ಟೆ. "ಎಂ.ಎಸ್ಸಿ. ಓದಿದವರ ಬಾಳೇ ಗೋಳು ನೋಡಿ. ಕೆಲಸವಂತೂ ಸಿಗೋದಿಲ್ಲ. ಸಿಕ್ಕರೂ ಸಂಬಳದಲ್ಲಿ ಸಾರಿಗೆ ಬೇಳೆ ಹಾಕೋ ಹಾಗಿಲ್ಲ. ಹಾಸ್ಟೆಲಿನ ಊಟ ತಿಂದು ಹೊಟ್ಟೆ ಕೆಟ್ಟಿದೆ. ಸೂಕ್ಷ್ಮದರ್ಶಕ ನೋಡಿ ನೋಡಿ ಕಣ್ಣು ಹೋಗುತ್ತೆ. ಈ ಫಾರ್ಮಲಿನ್ ವಾಸನೆ ಇದೆಯಲ್ಲ, ಜನ್ಮ ಪೂರ್ತಿ ಕೈ ಬಿಡೋದಿಲ್ಲ. ಕೊನೆಕೊನೆಗೆ ತಲೆಯೂ ಕೆಡುತ್ತೆ" ಎಂದೆ. ಅವರು ಎಲೆಗೆ ಸುಣ್ಣ ಹಚ್ಚುವುದನ್ನೇ ಮರೆತರು. "ಹೌದಾ ಮಾರಾಯ್ರೆ? ತಲೆನೂ?" "ಹೌದು. ನಮ್ಮ ತರಗತಿಯಲ್ಲಿ ಒಬ್ಬ ಕಪ್ಪೆಗಳ ಜೊತೆ ಮಾತಾಡ್ತಾನೆ." ಅವರು ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಟ್ಟರು. ಪಾಪ, ಕೈಗೆ ಬಂದ ಅಳಿಯ ತಪ್ಪಿದನಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ರಾತ್ರಿಯ ಊಟಕ್ಕೆ ಎರಡನೆಯ ಸಲ ತುಪ್ಪ ಬೀಳುವುದಿಲ್ಲ ಎಂದುಕೊಂಡಿದ್ದೆ. ಬಿತ್ತು, ಅದೂ ಹೆಚ್ಚಾಗಿ. "ಪಾಪ, ಹೊಟ್ಟೆ ಕೆಟ್ಟಿದೆಯಂತೆ" ಎಂದರು ನೀಲಮ್ಮನವರು.

ಮಾರನೆಯ ಬೆಳಿಗ್ಗೆ ನಾನು ಹಂಡೆಯ ನೀರು ಬದಲಿಸುತ್ತಿದ್ದಾಗ ಗಿರಿಜಾ ಬಂದಳು. ಕಾಫಿ ಇರಲಿಲ್ಲ. ಅತ್ತು ಕಣ್ಣು ಕೆಂಪಾಗಿತ್ತು, ಸಿಟ್ಟಿನಿಂದ ಮೂಗೂ ಕೆಂಪಾಗಿತ್ತು.

"ನಾ ನಿಮಗೇನು ಮಾಡಿದ್ದೆ ಅಂತ ಅಪ್ಪನ ಹತ್ರ ಹಂಗೆಲ್ಲ ಹೇಳಿದ್ರಿ?" ಎಂದಳು.

"ನಾನು ನನ್ನ ವಿಷಯ ಹೇಳಿದೆ" ಎಂದೆ.

"ನಿಮ್ಮ ವಿಷಯ ಯಾರಿಗೆ ಬೇಕ್ರೀ? ನಾನು ಬಿ.ಎಸ್ಸಿ. ಕೊನೇ ವರ್ಷದಲ್ಲಿದೀನಿ. ಪ್ರಾಣಿಶಾಸ್ತ್ರಾನೇ. ಮುಂದೆ ಮೈಸೂರಿಗೆ ಎಂ.ಎಸ್ಸಿ.ಗೆ ಕಳಿಸು ಅಂತ ಅಪ್ಪನ್ನ ಕಾಡಿ ಬೇಡಿ ಅರ್ಧ ಒಪ್ಪಿಸಿದ್ದೆ. ಓದ್ತಿರೋ ಒಬ್ಬ ಹುಡುಗನ್ನ ಮನೇಲೇ ಇಟ್ಕೊಂಡು ಎಲ್ಲ ಕೇಳಿ ತಿಳ್ಕೋತೀನಿ, ಆಮೇಲೆ ಕಳಿಸ್ತೀನಿ ಅಂದಿದ್ರು. ನಿನ್ನೆ ನಿಮ್ಮ ಮಾತು ಕೇಳಿ, ಇಂಥಾ ಗೋಳಿಗೆ ಮಗಳನ್ನ ನೂಕಲ್ಲ ಅಂದ್ಬಿಟ್ರು. ನನ್ನ ಓದು ಇಲ್ಲಿಗೇ ಮುಗೀತು. ಸಂತೋಷ ಆಯ್ತಾ?"

ನನ್ನ ಕೈಯಲ್ಲಿದ್ದ ಏಡಿ ಹೆಬ್ಬೆರಳು ಕಚ್ಚಿದ್ದು ಆಗಲೇ. ನೋವು ಮಾತ್ರ ಬೇರೆ ಕಡೆ ಆಯಿತು. ನಾನು ನಾಚಿಕೆಯಿಂದ ಸತ್ತುಹೋದೆ. ಅವಳು ಹೋದಮೇಲೆ ಆ ಪ್ರಶ್ನೆಗಳನ್ನೆಲ್ಲ ಮತ್ತೆ ಒಂದೊಂದಾಗಿ ನೆನೆದೆ. ಕೆಲಸ, ಸಂಬಳ, ಊಟ, ಜೊತೆಯವರ ಮರ್ಯಾದೆ, ಆರೋಗ್ಯ. ಮಗಳನ್ನು ದೂರದೂರಿಗೆ ಓದಲು ಕಳಿಸುವ ತಂದೆ ಇನ್ನೇನು ಕೇಳಬೇಕು? ಪ್ರೊಫೆಸರರೂ ಕೇಳದ, ಸರ್ಕಾರವೂ ಕೇಳದ ಮಾತುಗಳನ್ನು ಅಕ್ಕಿ ಗಿರಣಿಯ ಆ ಮನುಷ್ಯ ಒಂದೊಂದಾಗಿ ಕೂತು ವಿಚಾರಿಸಿದ್ದ. ನಾನು ಅದಕ್ಕೆಲ್ಲ ಬಾಸಿಂಗ ಕಟ್ಟಿಕೊಂಡು ಉತ್ತರ ಕೊಟ್ಟಿದ್ದೆ.

ಹೇಗಾದರೂ ಸರಿಮಾಡಲೇಬೇಕಿತ್ತು. ಹೇಗೆ? 'ನಾನು ಹೇಳಿದ್ದೆಲ್ಲ ಸುಳ್ಳು' ಎಂದರೆ, ಯಾಕೆ ಹೇಳಿದಿರಿ ಎಂದು ಕೇಳುತ್ತಾರೆ. 'ನೀವು ಮಗಳನ್ನು ನನ್ನ ಕೊರಳಿಗೆ ಕಟ್ಟುತ್ತೀರಿ ಎಂದುಕೊಂಡೆ' ಎಂದು, ಎರಡು ಸಲ ತುಪ್ಪ ಹಾಕಿದವರ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಯೋಚಿಸಿ ಯೋಚಿಸಿ ಒಂದು ದಾರಿ ಹುಡುಕಿದೆ. ಆ ಹೊತ್ತಿಗೆ ಅದು ಬಹಳ ಜಾಣತನದ್ದು ಎನ್ನಿಸಿತ್ತು.

ಸಂಜೆ ಜಗಲಿಗೆ ಹೋಗಿ, "ನಿನ್ನೆ ಹೇಳಿದ್ದರಲ್ಲಿ ಒಂದು ಮಾತು ಬಿಟ್ಟುಹೋಯಿತು. ಅದೆಲ್ಲ ಎಂ.ಎಸ್ಸಿ.ಯ ತಪ್ಪಲ್ಲ, ನನ್ನದು" ಎಂದೆ. ಚನ್ನಬಸಪ್ಪನವರು ಹತ್ತಿರ ಸರಿದು ಕೂತರು. "ಹಾಸ್ಟೆಲಿನ ಊಟ ಚೆನ್ನಾಗಿದೆ. ನನ್ನ ಹೊಟ್ಟೆಯೇ ಸರಿಯಿಲ್ಲ, ಅದು ಮನೆತನದಿಂದ ಬಂದದ್ದು. ಕೆಲಸ ಎಲ್ಲರಿಗೂ ಸಿಗುತ್ತೆ. ನನ್ನಂಥ ದಡ್ಡನಿಗೆ ಸಿಗಲಾರದು. ಕಣ್ಣು ಚಿಕ್ಕಂದಿನಿಂದಲೂ ಮಂದ." "ಮತ್ತೆ ತಲೆ?" ಎಂದು ಅವರು ಮೆಲ್ಲಗೆ ಕೇಳಿದರು. ಒಳಗೆ ಬಾಗಿಲ ಸಂದಿಯಲ್ಲಿ ಸೀರೆಯ ಅಂಚು ಕಾಣಿಸುತ್ತಿತ್ತು. ಅವಳ ಓದೆಲ್ಲ ಈಗ ನನ್ನ ತಲೆಯ ಮೇಲೆ ನಿಂತಿತ್ತು. "ಕಪ್ಪೆ ಜೊತೆ ಮಾತಾಡೋನು ನಾನೇ" ಎಂದುಬಿಟ್ಟೆ.

ಅವರು ನನ್ನ ಕೈ ಹಿಡಿದುಕೊಂಡರು, ಕಣ್ಣು ಒದ್ದೆಯಾಗಿತ್ತು. "ಎಷ್ಟು ದೊಡ್ಡ ಮನಸ್ಸು ಮಾರಾಯ್ರೆ ನಿಮ್ದು. ಯಾರು ಹೇಳ್ಕೋತಾರೆ ಇಂಥದನ್ನೆಲ್ಲ!" ಆ ವರ್ಷ ಪರೀಕ್ಷೆ ಮುಗಿದಮೇಲೆ ಗಿರಿಜಾಳನ್ನು ತಾವೇ ಮೈಸೂರಿಗೆ ಕರೆತಂದು ಸೇರಿಸಿದರು. ನನ್ನ ಏಡಿಗಳು ಸಾಕಾದವು, ಥೀಸಿಸ್ ಆಯಿತು. ಪ್ರೊಫೆಸರರು ಒಮ್ಮೆ ನಿಜವಾಗಿಯೂ ನೋಡಿದರೆಂದು ಕಾಣುತ್ತದೆ, ಹುದ್ದೆಯೂ ನನಗೇ ಆಯಿತು.

ಪ್ರಯೋಗಶಾಲೆಯಲ್ಲಿ ದಿನಾ ಅವಳನ್ನು ನೋಡುತ್ತಿದ್ದೆ. ಕಪ್ಪೆ ಕೊಯ್ಯುವ ದಿನ ಅವಳು ನನ್ನ ಕಡೆ ತಿರುಗಿ, "ಸಾರ್, ಕೊಯ್ಯೋಕೆ ಮೊದಲು ಇದರ ಹತ್ರ ಏನಾದ್ರೂ ಮಾತಾಡೋದಿದೆಯಾ?" ಎಂದು ಗಂಭೀರವಾಗಿ ಕೇಳುತ್ತಿದ್ದಳು. ನನಗೆ ಬೇಡವಾಗಿದ್ದ ಮದುವೆ ಬೇಕೆನ್ನಿಸಿದ್ದು ಯಾವಾಗ ಎಂದು ಹೇಳಲಾರೆ. ಬಹಳ ಬೇಕೆನ್ನಿಸಿತು ಎಂಬುದು ನಿಜ. ಅವಳ ಓದು ಮುಗಿದಮೇಲೆ ನಾಚಿಕೆ ಬಿಟ್ಟು ಅವ್ವನಿಗೆ ಹೇಳಿದೆ. ಅವ್ವ ಮಾವನನ್ನು ಸೊರಬಕ್ಕೆ ಅಟ್ಟಿದಳು.

ಮಾವ ಮಾರನೆಯ ದಿನ ತಿರುಗಿ ಬಂದು, ಪೇಟ ತೆಗೆದಿಟ್ಟು, ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಹೋಳಿಗೆ ಊಟ ಹಾಕಿದ್ರಪಾ. ನಿನ್ನ ಭಾಳ ಹೊಗಳಿದ್ರು. ಇಂಥಾ ಸತ್ಯವಂತ ಹುಡುಗನ್ನ ನಾ ನೋಡಿಲ್ಲ, ಅವನಾಡಿದ ಒಂದು ಮಾತನ್ನೂ ನಾನು ಅನುಮಾನ ಪಟ್ಟಿಲ್ಲ ಅಂದ್ರು. ಅದಕ್ಕೇ ಹೆಣ್ಣು ಕೊಡಾಕಾಗಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ ಅಂದ್ರು." ಆಮೇಲೆ ದನಿ ತಗ್ಗಿಸಿ, "ಹೌದೇನೋ, ಕಪ್ಪೆ ಕೂಡ ಏನ್ ಮಾತಾಡ್ತೀಯೋ?" ಎಂದು ಕೇಳಿದ.

ಎಲ್ಲ ಸುಳ್ಳು ಎಂದು ಅವ್ವನಿಗೆ ಆಣೆ ಮಾಡಿ ಹೇಳಿದೆ. ಅವ್ವ "ಹೂಂ, ಹೂಂ, ಸುಳ್ಳೇ ಇರಬೇಕು" ಎಂದು ತಲೆ ಸವರಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಲೋಟ ಹಾಲು ತಂದಿಟ್ಟು, "ಕುಡೀಪಾ, ಸುಮ್ಮನೆ" ಎಂದಳು. ನಾನು ಲೋಟ ಎತ್ತಿ ಮೂಸಿ ನೋಡಿದೆ. ಬುದ್ಧಿ ನೆಟ್ಟಗಾಗಲಿ ಎಂದು ನಮ್ಮ ಕಡೆ ಅರೆದು ಕೊಡುವ ಒಂದೆಲಗದ ವಾಸನೆ ಬಂತು. ತಳದವರೆಗೂ ಕುಡಿದೆ.